ಕಲ್ಲಿದ್ದಲಿನ ಅಂಗಳ ದಾಟಲು ಕೇಳಿದ ಕಾಗದ: ಡ್ಯೂಕ್ ಪವರ್ ಪ್ರಕರಣದ ಅಧ್ಯಯನ

ಪದವಿ ಹೆಚ್ಚೋ ಅನುಭವ ಹೆಚ್ಚೋ ಎಂಬ ವಾದಕ್ಕೆ ಕುಳಿತವರು ಸಾಮಾನ್ಯವಾಗಿ ತಮ್ಮ ಕಥೆಯನ್ನೇ ಪುರಾವೆಯಾಗಿ ಮುಂದಿಡುತ್ತಾರೆ. ಓದಿ ಮೇಲೆ ಬಂದವರಿಗೆ ಪದವಿಯೇ ಸರ್ವಸ್ವ. ಓದದೆ ಮೇಲೆ ಬಂದವರಿಗೆ ಅದು ಬರೀ ಕಾಗದ. ಈ ಜಗ್ಗಾಟದಿಂದ ಹೊರಬರಲು ನನಗೆ ನೆರವಾದದ್ದು ಅಮೆರಿಕದ ಒಂದು ಹಳೆಯ ಮೊಕದ್ದಮೆ. ವಿಲ್ಲಿ ಗ್ರಿಗ್ಸ್ ಮತ್ತು ಅವರ ಸಹೋದ್ಯೋಗಿಗಳು ಡ್ಯೂಕ್ ಪವರ್ ಕಂಪನಿಯ ಮೇಲೆ ಹೂಡಿದ ಈ ದಾವೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1971ರ ಮಾರ್ಚ್ 8ರಂದು ತೀರ್ಮಾನಿಸಿತು. ಕಾನೂನಿನ ತರಗತಿಗಳಲ್ಲಿ ಇದನ್ನು ಜನಾಂಗ ತಾರತಮ್ಯದ ಪ್ರಕರಣವೆಂದು ಓದಿಸುತ್ತಾರೆ. ಅದು ಸರಿಯೇ. ಆದರೆ ಆ ಕಡತದೊಳಗೆ ಇನ್ನೊಂದು ಪ್ರಶ್ನೆಯೂ ಇದೆ: ವರ್ಷಗಟ್ಟಲೆ ಕಣ್ಣೆದುರಿಗೇ ದುಡಿಯುತ್ತಿರುವ ಮನುಷ್ಯನನ್ನು ‘ನಿನ್ನ ಪ್ರಮಾಣಪತ್ರ ಎಲ್ಲಿ’ ಎಂದು ಕೇಳುವುದಕ್ಕೆ ಏನರ್ಥ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಕಂಪನಿ ಕೇಳಿದ್ದು ಕಾಲೇಜು ಪದವಿಯನ್ನಲ್ಲ, ಪ್ರೌಢಶಾಲೆ ಮುಗಿಸಿದ ಡಿಪ್ಲೊಮಾವನ್ನು. ಮೆಟ್ಟಿಲು ಬೇರೆಯಾದರೂ ಅದರ ಹಿಂದಿನ ತರ್ಕ ಒಂದೇ. ಕಾಲೇಜು ಪದವಿಯ ವಿಚಾರ ಮುಂದೆ ತಾನಾಗಿಯೇ ಬರುತ್ತದೆ.

ಸ್ಥಾವರದ ಒಳಗೂ ಹೊರಗೂ

ಉತ್ತರ ಕೆರೊಲಿನಾ ರಾಜ್ಯದ ಡ್ರೇಪರ್ ಎಂಬಲ್ಲಿ ಡ್ಯೂಕ್ ಪವರ್ ಕಂಪನಿಯ ಡ್ಯಾನ್ ರಿವರ್ ಉಷ್ಣ ವಿದ್ಯುತ್ ಸ್ಥಾವರವಿತ್ತು. ದಾವೆ ಹೂಡಿದಾಗ ಅಲ್ಲಿದ್ದ ನೌಕರರು 95 ಮಂದಿ; ಅವರಲ್ಲಿ ಕಪ್ಪು ವರ್ಣೀಯರು 14. ಆ ಹದಿನಾಲ್ವರಲ್ಲಿ ಹದಿಮೂರು ಮಂದಿ ಅರ್ಜಿದಾರರಾದರು.

ಸ್ಥಾವರದಲ್ಲಿ ಐದು ವಿಭಾಗಗಳು. ಕಾರ್ಯಾಚರಣೆ ವಿಭಾಗದವರು ಬಾಯ್ಲರ್, ಟರ್ಬೈನ್ ಮತ್ತು ನಿಯಂತ್ರಣ ಉಪಕರಣಗಳನ್ನು ನಡೆಸುತ್ತಿದ್ದರು. ನಿರ್ವಹಣಾ ವಿಭಾಗದವರು ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದರು. ಪ್ರಯೋಗಾಲಯ ಮತ್ತು ಪರೀಕ್ಷಾ ವಿಭಾಗದವರು ಬಾಯ್ಲರಿನ ನೀರನ್ನೂ ಕಲ್ಲಿದ್ದಲಿನ ಮಾದರಿಗಳನ್ನೂ ಪರೀಕ್ಷಿಸುತ್ತಿದ್ದರು. ಈ ಮೂರಕ್ಕೂ ‘ಒಳಗಿನ’ ವಿಭಾಗಗಳೆಂಬ ಹೆಸರು. ನಾಲ್ಕನೆಯದು ಕಲ್ಲಿದ್ದಲು ವಿಭಾಗ: ಗಣಿಯಿಂದ ಬಂದ ಕಲ್ಲಿದ್ದಲನ್ನು ಇಳಿಸುವುದು, ತೂಗುವುದು, ಪುಡಿ ಮಾಡುವುದು, ಸಾಗಿಸುವುದು. ಐದನೆಯದು ಕೂಲಿ ವಿಭಾಗ: ಎಲ್ಲ ವಿಭಾಗಗಳ ಕಸ ಗುಡಿಸುವುದು, ಗಾರೆ ಕಲಸುವುದು, ಕೈಕೆಲಸಕ್ಕೆ ನಿಲ್ಲುವುದು. ಕಪ್ಪು ವರ್ಣೀಯರಿಗೆ ಸಿಗುತ್ತಿದ್ದದ್ದು ಈ ಐದನೆಯದು ಮಾತ್ರ. ಅಲ್ಲಿನ ಅತಿ ಹೆಚ್ಚಿನ ಕೂಲಿಯೂ ಉಳಿದ ನಾಲ್ಕು ವಿಭಾಗಗಳ ಅತಿ ಕಡಿಮೆ ಸಂಬಳವನ್ನು ಮುಟ್ಟುತ್ತಿರಲಿಲ್ಲ. ಅಂದರೆ, ಕೂಲಿ ವಿಭಾಗದಲ್ಲಿ ತಲೆ ನರೆಯುವವರೆಗೆ ದುಡಿದು ತುದಿಗೆ ಏರಿದವನಿಗಿಂತ ಪಕ್ಕದ ವಿಭಾಗಕ್ಕೆ ನಿನ್ನೆ ಸೇರಿದ ಬಿಳಿ ಹುಡುಗನಿಗೆ ಹೆಚ್ಚು ಸಿಗುತ್ತಿತ್ತು.

1955ರಲ್ಲಿ ಕಂಪನಿ ಹೊಸ ನಿಯಮ ತಂದಿತು. ಕೂಲಿ ವಿಭಾಗವೊಂದನ್ನು ಬಿಟ್ಟು ಬೇರೆ ಯಾವುದಕ್ಕೆ ಸೇರಬೇಕಾದರೂ ಪ್ರೌಢಶಾಲೆಯ ಡಿಪ್ಲೊಮಾ ಬೇಕು. ಕಲ್ಲಿದ್ದಲಿನ ಅಂಗಳದಿಂದ ಒಳಗಿನ ವಿಭಾಗಕ್ಕೆ ವರ್ಗವಾಗಲೂ ಅದೇ ಬೇಕು. ಈಗಾಗಲೇ ಒಳಗಿದ್ದ, ಡಿಪ್ಲೊಮಾ ಇಲ್ಲದ ಬಿಳಿಯರನ್ನು ಯಾರೂ ಹೊರಗೆ ಕಳಿಸಲಿಲ್ಲ. ಅವರು ಅಲ್ಲೇ ಉಳಿದರು, ಬಡ್ತಿಯನ್ನೂ ಪಡೆದರು. ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಪ್ರಕರಣದ ಜೀವ ಇರುವುದು ಇಲ್ಲೇ.

ಹತ್ತು ವರ್ಷ ಕಳೆಯಿತು. ಉದ್ಯೋಗದಲ್ಲಿ ಜನಾಂಗ ತಾರತಮ್ಯವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯ 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ, ಹೌದು, ಅದೇ ದಿನ, ಕಂಪನಿ ಹೊಸಬರಿಗೆ ಡಿಪ್ಲೊಮಾದ ಜೊತೆಗೆ ಎರಡು ಲಿಖಿತ ಪರೀಕ್ಷೆಗಳನ್ನೂ ಸೇರಿಸಿತು. ಸೆಪ್ಟೆಂಬರ್‌ನಲ್ಲಿ, ಡಿಪ್ಲೊಮಾ ಇಲ್ಲದ ಹಳೆಯ ನೌಕರರು ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಒಳಗೆ ಹೋಗಬಹುದು ಎಂದಿತು. ಒಂದು ವಂಡರ್ಲಿಕ್ ಪರೀಕ್ಷೆ, ಸಾಮಾನ್ಯ ಬುದ್ಧಿಶಕ್ತಿಯನ್ನು ಅಳೆಯುವಂಥದ್ದು: ಐವತ್ತು ಪ್ರಶ್ನೆ, ಹನ್ನೆರಡು ನಿಮಿಷ. ಇನ್ನೊಂದು ಯಂತ್ರಗಳ ತಿಳಿವಳಿಕೆಯನ್ನು ಅಳೆಯುವ ಬೆನೆಟ್ ಪರೀಕ್ಷೆ. ತೇರ್ಗಡೆಯ ಅಂಕವನ್ನು ಇಟ್ಟಿದ್ದು ಹೆಚ್ಚುಕಡಿಮೆ ದೇಶದ ಪ್ರೌಢಶಾಲಾ ಪದವೀಧರರ ಮಧ್ಯಾಂಕದ ಮಟ್ಟಕ್ಕೆ. ಮಧ್ಯಾಂಕ ಎಂದರೆ ಅರ್ಧದಷ್ಟು ಜನ ಅದರ ಕೆಳಗೇ ಇರುತ್ತಾರೆ. ಶಾಲೆ ಮುಗಿಸಿದವರಲ್ಲೇ ಸುಮಾರು ಅರ್ಧ ಮಂದಿ ದಾಟಲಾರದ ಬೇಲಿಯನ್ನು ಶಾಲೆ ಮುಗಿಸದವರಿಗೆ ‘ಬದಲಿ ದಾರಿ’ ಎಂದು ತೋರಿಸಿದ್ದು ಯಾರ ಜಾಣತನವೋ ನನಗೆ ತಿಳಿಯದು.

ಕಂಪನಿಯ ಪಕ್ಷ

ಕಂಪನಿಯ ಮಾತನ್ನೂ ಕೇಳಬೇಕು. ಸ್ಥಾವರದ ಕೆಲಸ ಜಟಿಲವಾಗುತ್ತಿದೆ. ಕೆಲವರು ಓದಲು, ಯೋಚಿಸಿ ನಿರ್ಧರಿಸಲು ಕಷ್ಟಪಡುತ್ತಿದ್ದಾರೆ, ಅವರನ್ನು ಮೇಲಿನ ಹುದ್ದೆಗೆ ಏರಿಸಲಾಗುತ್ತಿಲ್ಲ ಎಂಬುದು ಅದರ ವಾದ. ಇದರಲ್ಲಿ ಸುಳ್ಳಿಲ್ಲದಿರಬಹುದು. ಹೆಚ್ಚಿನ ಒತ್ತಡದ ಉಗಿಯ ಜೊತೆ ಕೆಲಸ ಮಾಡುವವನಿಗೆ ಸೂಚನಾ ಫಲಕ ಓದಲು ಬರಬೇಕು ಎನ್ನುವುದು ಅತಿಯಾದ ಬೇಡಿಕೆಯೇನಲ್ಲ. ಕಂಪನಿಯ ಪರವಾಗಿ ಹೇಳಬೇಕಾದ ಇನ್ನೊಂದು ಮಾತಿದೆ: ಶಾಲೆ ಮುಗಿಸದ ನೌಕರರು ಓದು ಮುಂದುವರಿಸಿದರೆ ಶುಲ್ಕದ ಮೂರನೇ ಎರಡು ಪಾಲನ್ನು ಅದೇ ಭರಿಸುತ್ತಿತ್ತು. ದುರುದ್ದೇಶ ಇರಲಿಲ್ಲ ಎನ್ನುವುದಕ್ಕೆ ಇದನ್ನು ಸಾಕ್ಷಿಯಾಗಿ ತೋರಿಸಲಾಯಿತು. (ಹಗಲೆಲ್ಲ ಗಾರೆ ಕಲಸಿ ಬಂದವನಿಗೆ ಸಂಜೆಯ ತರಗತಿಯಲ್ಲಿ ಕೂರುವ ಕಸುವನ್ನು ಕೊಡಲು ಯಾವ ಶುಲ್ಕದಿಂದಲೂ ಆಗದು ಎನ್ನುವುದು ಬೇರೆ ಮಾತು.)

ಆದರೆ ಡಿಪ್ಲೊಮಾ ಇದ್ದವರು ಇಲ್ಲದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆಯೇ ಎಂದು ಕಂಪನಿ ಅಳೆದು ನೋಡಿತ್ತೇ? ಇಲ್ಲ. ಕಂಪನಿಯ ಉಪಾಧ್ಯಕ್ಷರು ನ್ಯಾಯಾಲಯದ ಮುಂದೆ ನುಡಿದ ಸಾಕ್ಷ್ಯದ ಸಾರ ಇಷ್ಟು: ಇಂಥ ಅರ್ಹತೆ ಇಟ್ಟರೆ ಒಟ್ಟಾರೆ ನೌಕರ ವರ್ಗದ ಗುಣಮಟ್ಟ ಸುಧಾರಿಸುತ್ತದೆ ಎಂದು ಕಂಪನಿಗೆ ಅನ್ನಿಸಿತು. ಅನ್ನಿಸಿತು, ಅಷ್ಟೇ. ಯಾವ ಹುದ್ದೆಗೆ, ಯಾವ ಕೆಲಸಕ್ಕೆ, ಶಾಲೆಯ ಯಾವ ಕಲಿಕೆ ಬೇಕು ಎಂಬ ಅಧ್ಯಯನವೇ ನಡೆದಿರಲಿಲ್ಲ.

ಇದನ್ನು ಓದುವಾಗ ನನಗೆ ನಗು ಬರುವುದಿಲ್ಲ, ಪರಿಚಿತವಾದದ್ದನ್ನು ಕಂಡಂತಾಗುತ್ತದೆ. ನೇಮಕಾತಿಯ ಜಾಹೀರಾತುಗಳಲ್ಲಿ ಇಂದಿಗೂ ‘ಯಾವುದೇ ಪದವಿ’ ಎಂಬ ಸಾಲು ಇರುತ್ತದೆ. ಯಾವುದಾದರೂ ಸರಿ, ಪದವಿ ಇರಲಿ ಎನ್ನುವವರು ಆ ಪದವಿಯಲ್ಲಿ ಕಲಿತದ್ದು ತಮಗೆ ಬೇಡ ಎಂದೇ ಹೇಳಿದಂತಾಯಿತು. ಅವರಿಗೆ ಬೇಕಾದದ್ದು ಅರ್ಜಿಗಳ ರಾಶಿಯನ್ನು ಕಡಿಮೆ ಮಾಡುವ ಒಂದು ಜರಡಿ. ಆ ಜರಡಿಗೆ ಮಾಲೀಕರು ಒಂದು ಕಾಸನ್ನೂ ಖರ್ಚು ಮಾಡಬೇಕಿಲ್ಲ. ಖರ್ಚೆಲ್ಲ ಅರ್ಜಿದಾರನ ಮನೆಯದು.

ಸ್ಥಾವರದ ಲೆಕ್ಕವೇ ಹೇಳಿದ್ದು

ಡಿಪ್ಲೊಮಾ ಇಲ್ಲದ ಬಿಳಿಯರು ಒಳಗೇ ಉಳಿದರು ಎಂದೆನಲ್ಲ. ತಾನು ಏರ್ಪಡಿಸದೇ ಇದ್ದ ಒಂದು ಪ್ರಯೋಗ ಕಂಪನಿಯ ಅಂಗಳದಲ್ಲೇ ನಡೆಯುತ್ತಿತ್ತು. ಒಂದೇ ಬಾಯ್ಲರು, ಒಂದೇ ಟರ್ಬೈನು. ನಡೆಸುವವರಲ್ಲಿ ಕೆಲವರಿಗೆ ಡಿಪ್ಲೊಮಾ ಉಂಟು, ಕೆಲವರಿಗೆ ಇಲ್ಲ. ಫಲಿತಾಂಶ ನೋಡಲು ಸೇವಾ ದಾಖಲೆಗಳನ್ನು ತೆರೆದರೆ ಸಾಕಿತ್ತು. ನ್ಯಾಯಾಲಯದಲ್ಲಿ ಅದು ತೆರೆಯಿತು. ಡಿಪ್ಲೊಮಾ ಇಲ್ಲದೆ, ಪರೀಕ್ಷೆಯನ್ನೂ ಬರೆಯದೆ ಒಳಗಿದ್ದವರು ತೃಪ್ತಿಕರವಾಗಿ ಕೆಲಸ ಮಾಡುತ್ತಲೇ ಇದ್ದರು, ಮೇಲಕ್ಕೆ ಏರುತ್ತಲೂ ಇದ್ದರು. ತೀರ್ಪಿನ ಅಡಿಟಿಪ್ಪಣಿಯೊಂದು ಇದನ್ನು ಇನ್ನೂ ಖಚಿತವಾಗಿ ಹೇಳುತ್ತದೆ: 1965ರ ಜುಲೈ 2ರಿಂದ 1966ರ ನವೆಂಬರ್ 14ರವರೆಗೆ ಬಡ್ತಿ ಪಡೆದ ಬಿಳಿಯರಲ್ಲಿ ಡಿಪ್ಲೊಮಾ ಇಲ್ಲದವರ ಪ್ರಮಾಣ ಎಷ್ಟೋ, ಒಟ್ಟು ಬಿಳಿ ನೌಕರರಲ್ಲಿ ಡಿಪ್ಲೊಮಾ ಇಲ್ಲದವರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಬಡ್ತಿ ಕೊಡುವ ಮೇಲಧಿಕಾರಿಯ ಕಣ್ಣಿಗೆ ಡಿಪ್ಲೊಮಾ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿತ್ತು ಎಂದಾಯಿತು. ಅದು ಗಣನೆಗೆ ಬಂದದ್ದು ಬಾಗಿಲಲ್ಲಿ ಮಾತ್ರ.

ಈ ಪ್ರಕರಣದಿಂದ ನಾನು ಎತ್ತಿಕೊಂಡ ವಿಚಾರ ಇದು. ಪ್ರಮಾಣಪತ್ರ ಒಂದು ಮುನ್ಸೂಚನೆ: ಈ ಮನುಷ್ಯ ಕಲಿಯಬಲ್ಲ, ಮೂರೋ ನಾಲ್ಕೋ ವರ್ಷ ಹಿಡಿದ ಕೆಲಸವನ್ನು ಬಿಡದೆ ಮಾಡಬಲ್ಲ ಎಂಬ ಊಹೆಗೆ ಅದು ಆಧಾರ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಪದವಿಯನ್ನು ಮಾರುಕಟ್ಟೆಯ ‘ಸಂಕೇತ’ ಎಂದು ವಿವರಿಸಿದ್ದು ಈ ಅರ್ಥದಲ್ಲೇ. ಮಾಲೀಕನಿಗೆ ಅರ್ಜಿದಾರನ ಸಾಮರ್ಥ್ಯ ಕಾಣುವುದಿಲ್ಲ, ಆದ್ದರಿಂದ ಕಾಣುವ ಗುರುತೊಂದನ್ನು ಹಿಡಿಯುತ್ತಾನೆ. ಅಪರಿಚಿತನ ವಿಷಯದಲ್ಲಿ ಇದು ನ್ಯಾಯವೇ. ಆದರೆ ನಿಮ್ಮಲ್ಲೇ ಹತ್ತು ವರ್ಷ ದುಡಿದವನು ಅಪರಿಚಿತನಲ್ಲ. ಅವನು ರಜೆ ಹಾಕಿದ ದಿನ, ಮುರಿದ ಉಪಕರಣ, ತಪ್ಪಿಸಿದ ಅಪಘಾತ, ಎಲ್ಲವೂ ನಿಮ್ಮ ಕಪಾಟಿನಲ್ಲಿದೆ. ಬೆಳೆದು ನಿಂತ ಪೈರು ಎದುರಿಗಿರುವಾಗ ಯಾರೂ ಬಿತ್ತನೆ ಬೀಜದ ಚೀಲದ ಮೇಲಿನ ಮುದ್ರೆಯನ್ನು ಹುಡುಕುವುದಿಲ್ಲ. ಸಂಸ್ಥೆಗಳು ಮಾತ್ರ ಹುಡುಕುತ್ತವೆ. ಸೇರಿಸಿಕೊಳ್ಳುವಾಗ ಕೇಳದ ಪದವಿಯನ್ನು ಹದಿನೈದು ವರ್ಷಗಳ ನಂತರ ಬಡ್ತಿಯ ವೇಳೆಗೆ ಕೇಳುತ್ತವೆ. ಮುನ್ಸೂಚನೆಯ ಅಗತ್ಯ ತೀರಾ ಕಡಿಮೆ ಇರುವ ಹೊತ್ತಿನಲ್ಲೇ ಅದಕ್ಕೆ ಅತಿ ಹೆಚ್ಚು ತೂಕ ಕೊಡುತ್ತವೆ.

ಹಾಗಾದರೆ ಅನುಭವವನ್ನು ಕೇಳಿದ್ದರೆ?

ಇಲ್ಲಿಗೆ ಅನುಭವದ ಪಕ್ಷದವರು ಚಪ್ಪಾಳೆ ತಟ್ಟಿ ಎದ್ದು ಹೋಗಬಹುದು. ಸ್ವಲ್ಪ ಕೂರಬೇಕು.

ಒಂದು ಕಲ್ಪನೆ ಮಾಡೋಣ. 1955ರಲ್ಲಿ ಕಂಪನಿ ಡಿಪ್ಲೊಮಾ ಕೇಳದೆ, ‘ಕಾರ್ಯಾಚರಣೆ ವಿಭಾಗದಲ್ಲಿ ಬಡ್ತಿ ಬೇಕಾದರೆ ಅಲ್ಲಿ ಎರಡು ವರ್ಷದ ಅನುಭವ ಇರಬೇಕು’ ಎಂಬ ನಿಯಮ ಮಾಡಿತ್ತು ಎಂದುಕೊಳ್ಳಿ. ಕೇಳುವುದಕ್ಕೆ ಎಷ್ಟು ಸಮಂಜಸ! ಫಲ ಮಾತ್ರ ಅದೇ ಆಗುತ್ತಿತ್ತು. ಆ ವಿಭಾಗದೊಳಗೆ ಕಾಲಿಡಲು ಬಿಟ್ಟಿದ್ದು ಬಿಳಿಯರನ್ನು ಮಾತ್ರ, ಹಾಗಾಗಿ ಅಲ್ಲಿನ ಅನುಭವ ಇದ್ದದ್ದೂ ಅವರಿಗೆ ಮಾತ್ರ. ಅನುಭವವೂ ಒಬ್ಬರು ಬಾಗಿಲು ತೆಗೆದು ಕೊಟ್ಟಾಗ ಸಿಗುವಂಥದ್ದು. ಪದವಿಗೆ ಶುಲ್ಕ ಕಟ್ಟಿಯಾದರೂ ಸೇರಬಹುದು; ಅನುಭವಕ್ಕೆ ಶುಲ್ಕ ಕಟ್ಟುವ ಕಚೇರಿಯೇ ಇಲ್ಲ. ಮೊದಲ ಕೆಲಸ ಹುಡುಕುವ ಪ್ರತಿಯೊಬ್ಬರಿಗೂ ಈ ಸುತ್ತುಗಟ್ಟಿನ ಪರಿಚಯ ಇದ್ದೇ ಇರುತ್ತದೆ.

ಇನ್ನೊಂದು ತೊಡಕು. ಕೂಲಿ ವಿಭಾಗದಲ್ಲಿ ಹನ್ನೆರಡು ವರ್ಷ ಗಾರೆ ಕಲಸಿದವನಿಗೆ ಟರ್ಬೈನಿನ ಅನುಭವ ಇದೆಯೇ? ಇಲ್ಲ. ಅವನು ಸ್ಥಾವರದ ಮೂಲೆಮೂಲೆಯನ್ನೂ ಬಲ್ಲ, ಯಾವ ಫೋರ್‌ಮನ್ ಯಾವ ಹೊತ್ತಿಗೆ ರೇಗುತ್ತಾನೆ ಎನ್ನುವುದನ್ನೂ ಬಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಾನೆ. ಆದರೂ ಉಗಿಯ ಒತ್ತಡ ಏರಿದಾಗ ಏನು ಮಾಡಬೇಕೆಂದು ಅವನಿಗೆ ಗೊತ್ತಿಲ್ಲ. ಗ್ರಿಗ್ಸ್ ಮತ್ತು ಸಂಗಡಿಗರು ‘ನಮಗೆ ಅನುಭವ ಇದೆ, ಆದ್ದರಿಂದ ಮೇಲಿನ ಹುದ್ದೆ ಕೊಡಿ’ ಎಂದು ಕೇಳಲೂ ಇಲ್ಲ. ಬಿಳಿಯ ನೌಕರ ಡಿಪ್ಲೊಮಾ ಇಲ್ಲದೆ ಒಳಹೋಗಿ, ಕೆಳಗಿನ ಮೆಟ್ಟಿಲಲ್ಲಿ ನಿಂತು, ನೋಡಿ, ಮಾಡಿ, ತಪ್ಪಿ ಕಲಿತನಲ್ಲ, ಆ ಅವಕಾಶವನ್ನು ಕೇಳಿದರು. ಹೆಚ್ಚೋ ಕಡಿಮೆಯೋ ಎಂದು ತೂಗುವವರಿಗೆ ಈ ಮೂರನೆಯದು ತಕ್ಕಡಿಯಲ್ಲಿ ಕಾಣುವುದೇ ಇಲ್ಲ: ಕಲಿಯುವ ಜಾಗ. ಪದವಿಯೂ ಅನುಭವವೂ ಹುಟ್ಟುವುದು ಅಲ್ಲಿಂದಲೇ.

ವರ್ಷಗಳ ಎಣಿಕೆಯ ಮೇಲೂ ನನಗೆ ಹೆಚ್ಚಿನ ನಂಬಿಕೆ ಇಲ್ಲ. ನೌಕರರ ಆಯ್ಕೆಯ ಬಗ್ಗೆ ಎಂಬತ್ತೈದು ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಒಟ್ಟುಗೂಡಿಸಿದರು. ಕೆಲಸದಲ್ಲಿ ಒಬ್ಬ ಎಷ್ಟು ಚೆನ್ನಾಗಿ ನಡೆದುಕೊಳ್ಳುತ್ತಾನೆ ಎಂಬುದಕ್ಕೂ ಅವನು ಓದಿದ ವರ್ಷಗಳಿಗೂ ಇರುವ ಸಂಬಂಧವನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಇಟ್ಟರೆ ಸಿಕ್ಕಿದ್ದು 0.10. ಅನುಭವದ ವರ್ಷಗಳಿಗೆ 0.18. ಎರಡು ಕುಂಟು ಕುದುರೆಗಳ ನಡುವಿನ ಪಂದ್ಯ ಇದು. ಒಂದು ಸ್ವಲ್ಪ ಮುಂದಿದೆ ಎಂದು ಬೀಗುವುದರಲ್ಲಿ ಅರ್ಥವಿಲ್ಲ. ಅನುಭವದ ಪ್ರಯೋಜನ ಮೊದಲ ಕೆಲವು ವರ್ಷಗಳಲ್ಲಿ ಏರಿ, ಆಮೇಲೆ ಸಮತಟ್ಟಾಗುತ್ತದೆ ಎಂಬುದನ್ನೂ ಅವರು ಗುರುತಿಸಿದರು. ಅಭ್ಯರ್ಥಿಯ ಕೈಗೆ ಅದೇ ಕೆಲಸದ ಒಂದು ತುಣುಕನ್ನು ಕೊಟ್ಟು ಮಾಡಿಸಿ ನೋಡುವ ವಿಧಾನಕ್ಕೆ ಸಿಕ್ಕ ಅಂಕ 0.54. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಲೆಕ್ಕವನ್ನು ಮತ್ತೆ ಹಾಕಿದಾಗ ಇದು 0.33ಕ್ಕೆ ಇಳಿಯಿತು, ಅನುಭವದ ವರ್ಷಗಳ ಅಂಕ ಇನ್ನೂ ಕೆಳಗೆ ಹೋಯಿತು. ಕ್ರಮ ಮಾತ್ರ ತಿರುಗಲಿಲ್ಲ. ಮಾಡಿಸಿ ನೋಡುವುದಕ್ಕೆ ಸಮಯ ಬೇಕು, ಮೇಲ್ವಿಚಾರಕ ಬೇಕು, ಹಣ ಬೇಕು. ಅಂಕಪಟ್ಟಿಯನ್ನು ನೋಡಲು ಅರ್ಧ ನಿಮಿಷ ಸಾಕು.

ತೀರ್ಪು

ಕೆಳಗಿನ ನ್ಯಾಯಾಲಯಗಳು ಉದ್ದೇಶದ ಹಿಂದೆ ಬಿದ್ದವು. ಕಾಯ್ದೆಗೆ ಮುಂಚೆ ಕಂಪನಿ ಬಹಿರಂಗವಾಗಿಯೇ ತಾರತಮ್ಯ ಮಾಡಿತ್ತು, ಆದರೆ ಆಮೇಲೆ ನಿಲ್ಲಿಸಿತು ಎಂದು ಜಿಲ್ಲಾ ನ್ಯಾಯಾಲಯ ಹೇಳಿತು. ಡಿಪ್ಲೊಮಾ ಮತ್ತು ಪರೀಕ್ಷೆಯ ನಿಯಮಗಳ ಹಿಂದೆ ದುರುದ್ದೇಶ ಕಾಣುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯದ ಬಹುಮತ ಅಭಿಪ್ರಾಯಪಟ್ಟಿತು. ನಿಯಮ ಎಲ್ಲರಿಗೂ ಒಂದೇ ತಾನೆ?

ಎಲ್ಲರಿಗೂ ಒಂದೇ ಎಂಬ ಈ ಮಾತನ್ನು ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. 1960ರ ಜನಗಣತಿಯ ಪ್ರಕಾರ ಉತ್ತರ ಕೆರೊಲಿನಾದಲ್ಲಿ ಪ್ರೌಢಶಾಲೆ ಮುಗಿಸಿದ್ದ ಬಿಳಿ ಗಂಡಸರು ಶೇಕಡಾ 34, ಕಪ್ಪು ವರ್ಣೀಯ ಗಂಡಸರು ಶೇಕಡಾ 12. ವಂಡರ್ಲಿಕ್ ಮತ್ತು ಬೆನೆಟ್ ಸೇರಿದ್ದ ಪರೀಕ್ಷೆಗಳ ಗುಂಪೊಂದನ್ನು ಬಳಸಿದ್ದ ಮತ್ತೊಂದು ಪ್ರಕರಣದಲ್ಲಿ ಬಿಳಿಯರಲ್ಲಿ ಶೇಕಡಾ 58 ಮಂದಿ ತೇರ್ಗಡೆಯಾಗಿದ್ದರೆ ಕಪ್ಪು ವರ್ಣೀಯರಲ್ಲಿ ಶೇಕಡಾ 6. ಬೇರೆಬೇರೆ ಶಾಲೆಗಳಲ್ಲಿ ಕೂರಿಸಿ, ಒಂದು ಪಾಲಿನವರಿಗೆ ಕೀಳು ಮಟ್ಟದ ಶಿಕ್ಷಣ ಕೊಟ್ಟ ರಾಜ್ಯ ಅದು. ಶಾಲೆಯಲ್ಲಿ ಆದ ಅನ್ಯಾಯವನ್ನು ಡಿಪ್ಲೊಮಾದ ನಿಯಮ ಅಚ್ಚುಕಟ್ಟಾಗಿ ಹೊತ್ತು ತಂದು ಸ್ಥಾವರದ ಬಾಗಿಲಲ್ಲಿ ಇಳಿಸಿತು.

ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಬರೆದ ಸುಪ್ರೀಂ ಕೋರ್ಟ್ ತೀರ್ಪು ಸರ್ವಾನುಮತದ್ದು. ನ್ಯಾಯಮೂರ್ತಿ ಬ್ರೆನನ್ ಭಾಗವಹಿಸಿರಲಿಲ್ಲ, ಉಳಿದ ಎಂಟೂ ಮಂದಿ ಒಂದೇ ಕಡೆ. ತೀರ್ಪಿನಲ್ಲಿ ಕೊಕ್ಕರೆ ಮತ್ತು ನರಿಯ ಕಥೆ ಬರುತ್ತದೆ. ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಅದೇ ಕಥೆ. ಇಬ್ಬರಿಗೂ ಹಾಲು ಇಟ್ಟಿದ್ದೇವೆ ಎಂದರೆ ಸಾಲದು, ಪಾತ್ರೆ ಇಬ್ಬರ ಬಾಯಿಗೂ ಒದಗುವಂತಿರಬೇಕು ಎಂಬುದು ಕಾಯ್ದೆಯ ಆಶಯ ಎಂದಿತು ನ್ಯಾಯಾಲಯ. ಉದ್ದೇಶ ಒಳ್ಳೆಯದಿದ್ದರೂ, ಕೆಲಸದ ಸಾಮರ್ಥ್ಯವನ್ನು ಅಳೆಯದ ನಿಯಮವೊಂದು ಒಂದು ಗುಂಪನ್ನು ಹೊರಗಿಡುವುದಾದರೆ ಅದು ನಿಲ್ಲದು. ಆ ನಿಯಮಕ್ಕೂ ಆ ಕೆಲಸಕ್ಕೂ ಸ್ಪಷ್ಟ ಸಂಬಂಧವಿದೆ ಎಂದು ತೋರಿಸುವ ಹೊಣೆ ಮಾಲೀಕನದು. ಅಳೆಯಬೇಕಾದದ್ದು ಆ ಕೆಲಸಕ್ಕೆ ತಕ್ಕಂತೆ ಮನುಷ್ಯನನ್ನೇ ಹೊರತು ಬರಿಯ ಮನುಷ್ಯನನ್ನಲ್ಲ. ಡಿಪ್ಲೊಮಾಗಳೂ ಪರೀಕ್ಷೆಗಳೂ ಉಪಯುಕ್ತ ಸೇವಕರು, ಅವು ವಾಸ್ತವದ ಒಡೆಯರಾಗಬಾರದು ಎಂಬ ಅರ್ಥದ ಮಾತೂ ಅಲ್ಲಿದೆ.

ಸೇವಕರು ಎಂದಿದೆ, ಗಮನಿಸಬೇಕು. ಡಿಪ್ಲೊಮಾ ಬೇಡ ಎಂದು ನ್ಯಾಯಾಲಯ ಎಲ್ಲೂ ಹೇಳಲಿಲ್ಲ.

ವಿಮಾನದ ಪದವಿ

ಹಾಗೆ ಹೇಳಲಿಲ್ಲ ಎನ್ನುವುದು ಮರುವರ್ಷವೇ ಸ್ಪಷ್ಟವಾಯಿತು. ಯುನೈಟೆಡ್ ಏರ್‌ಲೈನ್ಸ್ ತನ್ನ ವಿಮಾನ ಚಾಲನಾ ಸಿಬ್ಬಂದಿಯ (ಫ್ಲೈಟ್ ಆಫೀಸರ್) ಹುದ್ದೆಗೆ ಕನಿಷ್ಠ 500 ಗಂಟೆಗಳ ಹಾರಾಟವನ್ನೂ ಕಾಲೇಜು ಪದವಿಯನ್ನೂ ಕೇಳುತ್ತಿತ್ತು. ಕಪ್ಪು ವರ್ಣೀಯ ಅಭ್ಯರ್ಥಿಯೊಬ್ಬರು ಪ್ರಶ್ನಿಸಿದರು. ಸ್ಪರ್ಲಾಕ್ ವಿರುದ್ಧ ಯುನೈಟೆಡ್ ಏರ್‌ಲೈನ್ಸ್ ಎಂದು ಹೆಸರಾದ ಈ ಪ್ರಕರಣದಲ್ಲಿ 1972ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಕಂಪನಿಯ ಎರಡೂ ಅರ್ಹತೆಗಳನ್ನು ಎತ್ತಿಹಿಡಿಯಿತು. ಅದರ ತರ್ಕ: ಕೌಶಲ ಕಡಿಮೆ ಬೇಕಾದ, ತಪ್ಪಿದರೆ ಹೆಚ್ಚು ನಷ್ಟವಾಗದ ಕೆಲಸವಾದರೆ ಮಾಲೀಕನ ನಿಯಮವನ್ನು ಕೂಲಂಕಷವಾಗಿ ನೋಡಬೇಕು, ಅಪಾರ ಕೌಶಲ ಬೇಕಾದ, ತಪ್ಪಿದರೆ ಜೀವಹಾನಿಯಾಗುವ ಕೆಲಸದಲ್ಲಿ ಮಾಲೀಕನ ಮೇಲಿನ ಹೊರೆ ಹಗುರ.

ನೂರಾರು ಪ್ರಯಾಣಿಕರ ಜೀವದ ಪ್ರಶ್ನೆ ಬಂದಾಗ ಎಚ್ಚರ ಹೆಚ್ಚಿರಲಿ ಎನ್ನುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಬೇರೆ ಕಡೆ. ಹಾರಾಟದ ಗಂಟೆಗಳ ಬಗ್ಗೆ ಕಂಪನಿ ಅಂಕಿಗಳನ್ನು ತಂದಿತ್ತು: ಹೆಚ್ಚು ಗಂಟೆ ಹಾರಿದವರು ಕಠಿಣ ತರಬೇತಿಯಲ್ಲಿ ಯಶಸ್ವಿಯಾಗುವ ಸಾಧ್ಯತೆ ಹೆಚ್ಚು. ಕಾಲೇಜು ಪದವಿಯ ಬಗ್ಗೆ ತಂದದ್ದು ಅಧಿಕಾರಿಗಳ ಮಾತನ್ನು: ಪದವೀಧರರಿಗೆ ತರಗತಿಯ ವಾತಾವರಣದಲ್ಲಿ ಹೇಳಿಕೊಟ್ಟದ್ದನ್ನು ಗ್ರಹಿಸಿ ನೆನಪಿಟ್ಟುಕೊಳ್ಳುವ ಶಕ್ತಿ ಇರುತ್ತದೆ ಎಂಬ ಸಾಕ್ಷ್ಯ. ಒಂದೇ ಪ್ರಕರಣದಲ್ಲಿ ಅನುಭವಕ್ಕೆ ಪುರಾವೆ ಬೇಕಾಯಿತು, ಪದವಿಗೆ ಭರವಸೆಯ ಮಾತು ಸಾಕಾಯಿತು. ಡ್ಯೂಕ್ ಪವರ್‌ನ ಉಪಾಧ್ಯಕ್ಷರು ಹೇಳಿದ್ದಕ್ಕಿಂತ ಇದು ಬಹಳ ಭಿನ್ನವೇನಲ್ಲ. ಕೆಲಸದ ಘನತೆ ಹೆಚ್ಚಿದಷ್ಟೂ ಪದವಿಯನ್ನು ಪ್ರಶ್ನಿಸುವ ಧೈರ್ಯ ನಮಗೆ ಕಡಿಮೆಯಾಗುತ್ತದೆ. ಕಸ ಗುಡಿಸುವವನಿಗೆ ಡಿಪ್ಲೊಮಾ ಏಕೆ ಎಂದು ಕೇಳಲು ನ್ಯಾಯಮೂರ್ತಿಯೇ ಆಗಬೇಕಿಲ್ಲ; ಪೈಲಟ್‌ಗೆ ಇತಿಹಾಸದ ಪದವಿ ಏಕೆ ಎಂದು ಕೇಳಿದರೆ ಮಾತ್ರ ‘ಸುರಕ್ಷತೆಯ ಪ್ರಶ್ನೆ’ ಎಂಬ ಉತ್ತರ ಬರುತ್ತದೆ.

ಇನ್ನೊಂದು ಅಡ್ಡಪರಿಣಾಮದ ಮಾತೂ ಇದೆ. ಗ್ರಿಗ್ಸ್ ತೀರ್ಪಿನ ನಂತರ ಲಿಖಿತ ಪರೀಕ್ಷೆಗಳನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾದ್ದರಿಂದ ಕಂಪನಿಗಳು ಅದರ ಬದಲು ಕಾಲೇಜು ಪದವಿಯ ಮೊರೆ ಹೋದವು ಎಂದು ಕೆಲವು ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ, ಬೇರೆಯವರು ಒಪ್ಪುವುದಿಲ್ಲ. ಪರೀಕ್ಷೆಗಳ ಮೇಲಿನ ಬಿಗಿ ಹೆಚ್ಚಿದ್ದಂತೂ ನಿಜ. 1975ರಲ್ಲಿ ಆಲ್ಬೆಮಾರ್ಲ್ ಪೇಪರ್ ಕಂಪನಿಯ ಪ್ರಕರಣದಲ್ಲಿ, ಅದೂ ಉತ್ತರ ಕೆರೊಲಿನಾದ್ದೇ, ವಿಚಾರಣೆಗೆ ಸ್ವಲ್ಪ ಮುಂಚೆ ಪರೀಕ್ಷೆಗೂ ಕೆಲಸಕ್ಕೂ ಸಂಬಂಧವಿದೆ ಎಂದು ತೋರಿಸಲು ಅವಸರದಲ್ಲಿ ಮಾಡಿಸಿದ ಅಧ್ಯಯನವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ವಾರ್ಡ್ಸ್ ಕೋವ್ ಎಂಬ ಪ್ರಕರಣದಲ್ಲಿ ಅದೇ ನ್ಯಾಯಾಲಯ 1989ರಲ್ಲಿ ಕೊಟ್ಟ ತೀರ್ಪು ಮಾಲೀಕರ ಹೊಣೆಯನ್ನು ಸಡಿಲಿಸಿತು, 1991ರ ನಾಗರಿಕ ಹಕ್ಕುಗಳ ಕಾಯ್ದೆ ಅದನ್ನು ಮರಳಿ ಬಿಗಿ ಮಾಡಿತು. ಪದವಿಯ ಬೇಡಿಕೆ ಆ ಎಲ್ಲ ಏರಿಳಿತಗಳ ನಡುವೆ ಜಾಹೀರಾತುಗಳಲ್ಲಿ ಉಳಿದೇ ಉಳಿಯಿತು.

ಒಬ್ಬ ನೌಕರನ ಲೆಕ್ಕ

ತೀರ್ಪಿನಲ್ಲಿ ಒಬ್ಬ ನೌಕರನ ಪ್ರಸ್ತಾಪ ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಡ್ಯಾನ್ ರಿವರ್‌ನ ಕೂಲಿ ವಿಭಾಗಕ್ಕೆ 1953ರಲ್ಲಿ, ಅಂದರೆ ಡಿಪ್ಲೊಮಾದ ನಿಯಮ ಬರುವುದಕ್ಕೂ ಎರಡು ವರ್ಷ ಮುಂಚೆ, ಸೇರಿದವರು. ಕಪ್ಪು ವರ್ಣೀಯರು. ಪ್ರೌಢಶಾಲೆ ಮುಗಿಸಿದವರು. ಕೂಲಿ ವಿಭಾಗದಿಂದ ಹೊರಗಿನ ಹುದ್ದೆ ಪಡೆದ ಮೊದಲ ಕಪ್ಪು ವರ್ಣೀಯ ಇವರೇ. ಅದು ಸಿಕ್ಕಿದ್ದು 1966ರ ಆಗಸ್ಟ್‌ನಲ್ಲಿ, ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಹೋಗಿ ಐದು ತಿಂಗಳಾದ ಮೇಲೆ. ಅದೂ ಒಳಗಿನ ವಿಭಾಗಕ್ಕಲ್ಲ, ಕಲ್ಲಿದ್ದಲು ವಿಭಾಗಕ್ಕೆ. ಕಾಗದವೂ ಇತ್ತು, ಹದಿಮೂರು ವರ್ಷದ ಸೇವೆಯೂ ಇತ್ತು. ಕೊನೆಗೆ ಬಾಗಿಲು ತೆರೆದ ಹೊತ್ತು ನೋಡಿದರೆ, ಅದನ್ನು ತಟ್ಟಿದ್ದು ಈ ಎರಡರಲ್ಲಿ ಯಾವುದೂ ಅಲ್ಲ, ದೂರಿನ ಪತ್ರ ಎನ್ನಿಸುತ್ತದೆ.

ಅವರ ಹದಿಮೂರು ವರ್ಷಗಳು ಎಲ್ಲಿಗೆ ಹೋದವು? ಆ ಸ್ಥಾವರದಲ್ಲಿ ಬಡ್ತಿ ನಡೆಯುತ್ತಿದ್ದದ್ದು ಆಯಾ ವಿಭಾಗದೊಳಗಿನ ಹಿರಿತನದ ಮೇಲೆ. ಬೇರೆ ವಿಭಾಗದಿಂದ ಬಂದವರು ಸಾಮಾನ್ಯವಾಗಿ ಕೊನೆಯ ಮೆಟ್ಟಿಲಿನಿಂದ ಆರಂಭಿಸಬೇಕಿತ್ತು. ಗ್ರಿಗ್ಸ್ ತೀರ್ಪು ಬಾಗಿಲ ಬಗ್ಗೆ ಮಾತನಾಡಿತು, ಏಣಿಯ ಬಗ್ಗೆ ಅಲ್ಲ. ಏಣಿಯ ಪ್ರಶ್ನೆ 1977ರಲ್ಲಿ ಟೀಮ್‌ಸ್ಟರ್ಸ್ ಎಂಬ ಲಾರಿ ಚಾಲಕರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ನಗರದೊಳಗೆ ಲಾರಿ ಓಡಿಸುತ್ತಿದ್ದವರು ದೂರದ ಮಾರ್ಗಕ್ಕೆ ವರ್ಗವಾದರೆ ಹಳೆಯ ಹಿರಿತನವನ್ನು ಬಿಟ್ಟುಕೊಟ್ಟು ಪಟ್ಟಿಯ ಕೊನೆಗೆ ಹೋಗಬೇಕಿತ್ತು. ಪ್ರಾಮಾಣಿಕವಾಗಿ ರೂಪಿಸಿದ ಹಿರಿತನದ ಪದ್ಧತಿ ಹಳೆಯ ತಾರತಮ್ಯವನ್ನು ಮುಂದುವರಿಸಿದರೂ ಕಾನೂನುಬಾಹಿರವಲ್ಲ ಎಂದು ನ್ಯಾಯಾಲಯ ಹೇಳಿತು. ಪರಿಹಾರವಾಗಿ ಹಿರಿತನ ಕೊಡಬೇಕಾಗಿ ಬಂದರೂ ಅದು ಕಾಯ್ದೆ ಜಾರಿಗೆ ಬಂದ ದಿನಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲ.

ಆ ತರ್ಕವನ್ನು ಡ್ಯಾನ್ ರಿವರ್‌ಗೆ ತಂದು ನೋಡಿದರೆ, 1953ರಲ್ಲಿ ಸೇರಿದ ಆ ನೌಕರನ ಅನುಭವ ಕಾನೂನಿನ ಪುಸ್ತಕದಲ್ಲಿ ಆರಂಭವಾಗುವುದೇ 1965ರ ಜುಲೈ 2ರಂದು. ಅದಕ್ಕೆ ಮುಂಚಿನ ಹನ್ನೆರಡು ವರ್ಷ ಅವರು ಕೂಲಿ ಪಡೆದಿದ್ದರು, ಅಷ್ಟೇ.